ದಿಂಬಿನ ಮೇಲೆ ನಲವತ್ತು ನಿಮಿಷ

ನನ್ನ ಚಿಂತೆಗಳಿಗೆ ಸಾಮಾನ್ಯವಾಗಿ ಆಯಸ್ಸು ಕಡಿಮೆ. ಮಗಳು ಅಂಗಿಯ ಗುಂಡಿ ನುಂಗಿಬಿಟ್ಟಳೇ ಎಂಬ ಚಿಂತೆ, ಆ ಗುಂಡಿ ಸೋಫಾದಡಿ ಸಿಕ್ಕ ಕೂಡಲೇ ಸಾಯುತ್ತದೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬುದು, ಬೀದಿಯಿಂದ ಮೂರು ಮಹಡಿ ವಾಪಸು ಹತ್ತಿ ನೋಡಿದರೆ ಮುಗಿಯುತ್ತದೆ. ಈ ಸಲದ್ದು ಹಾಗಾಗಲಿಲ್ಲ. ನಾಲ್ಕು ದಿನ ಗಂಟಲಲ್ಲಿ ಸಿಕ್ಕ ಮುಳ್ಳಿನ ಹಾಗೆ ಕೂತಿತ್ತು. ನುಂಗಲೂ ಆಗದು, ಉಗುಳಲೂ ಆಗದು.

ನಾನಾಡಿದ ಒಂದೇ ಒಂದು ಮಾತಿನಿಂದ ನನ್ನ ಸೋದರಮಾವ ತಮ್ಮ ಕೈಯನ್ನು ತಾವೇ ನಂಬದಂತಾಗಿದ್ದರು. "ಸರಿ ಮಾಡಿದಾರಂತೆ ಮಾಮ" ಎಂದಿದ್ದೆ. ಅಷ್ಟೇ. ಅದು ಸುಳ್ಳು.

ಅದು ಎಷ್ಟು ದೊಡ್ಡ ಸುಳ್ಳು ಎಂದು ತಿಳಿಯಬೇಕಾದರೆ ಮಾಮನ ಕೈಯ ವಿಷಯ ಹೇಳಬೇಕು.

ಮಾಮ ನಮ್ಮಮ್ಮನ ತಮ್ಮ. ನಮ್ಮ ಊರಿನಿಂದ ಬಸ್ಸಿನಲ್ಲಿ ಎರಡು ಗಂಟೆ ದೂರದಲ್ಲಿದ್ದಾರೆ. ಅಲ್ಲಿ ಬಸ್ ನಿಲ್ದಾಣದ ಪಕ್ಕದ ಓಣಿಯಲ್ಲಿ ಅವರದ್ದೊಂದು ಫೋನ್ ರಿಪೇರಿ ಅಂಗಡಿ ಇತ್ತು. ಎರಡೂ ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಷ್ಟು ಅಗಲ. ಒಂದು ಗಾಜಿನ ಪೆಟ್ಟಿಗೆ, ಕತ್ತು ಬಗ್ಗಿಸಿದ ಒಂದು ದೀಪ, ಒಂದು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ. ಹಿಂದಿನ ಗೋಡೆಗೆ ಉದ್ದಕ್ಕೂ ಒಂದು ಕಪಾಟು. ಅದರ ತುಂಬ, ರಿಪೇರಿಗೆ ಕೊಟ್ಟು ತಿರುಗಿ ಬಾರದೇ ಹೋದವರ ಫೋನುಗಳು. ಮಾಮ ಒಂದನ್ನೂ ಮಾರಲಿಲ್ಲ, ಒಂದರ ಭಾಗವನ್ನೂ ಕಿತ್ತು ಇನ್ನೊಂದಕ್ಕೆ ಹಾಕಲಿಲ್ಲ. ಪ್ರತಿಯೊಂದರ ಬೆನ್ನಿಗೂ ಒಂದು ಚೀಟಿ ಅಂಟಿಸಿ, ಬಿಟ್ಟುಹೋದವರ ಕಸುಬು ಬರೆದಿಡುತ್ತಿದ್ದರು: ಟೈಲರಮ್ಮ, ಲಾರಿ ಡ್ರೈವರ್, ಡ್ರಾಯಿಂಗ್ ಮೇಷ್ಟ್ರು, ಜೋರುಬಾಯಿ ನರ್ಸ್. "ಹೆಸರು ಮರೆತುಹೋಗತ್ತೆ, ಕೆಲಸ ಮರೆಯಲ್ಲ ಕಣೇ" ಎನ್ನುತ್ತಿದ್ದರು.

ಫೋನಿನ ಬ್ಯಾಟರಿ ಕೆಟ್ಟಿದೆಯೇ ಎಂದು ನೋಡಲು ಅವರು ಯಾವ ಯಂತ್ರವನ್ನೂ ಹಚ್ಚುತ್ತಿರಲಿಲ್ಲ. ಫೋನನ್ನು ಎಡಗೈಯ ಮಣಿಕಟ್ಟಿನ ಒಳಮೈಗೆ, ನಾಡಿ ನೋಡುವ ಜಾಗದಲ್ಲಿ ಒತ್ತಿ, ಕಣ್ಣು ಅರ್ಧ ಮುಚ್ಚಿ, ಹತ್ತು ಎಣಿಸುವಷ್ಟು ಹೊತ್ತು ಇರುತ್ತಿದ್ದರು. ಆಮೇಲೆ ಒಂದೇ ಮಾತು: "ಇದು ಹುಷಾರಾಗಿದೆ", ಇಲ್ಲವೇ "ಇದಕ್ಕೆ ಜ್ವರ". ಜ್ವರ ಎಂದದ್ದನ್ನು ಬಿಚ್ಚಿ ನೋಡಿದರೆ ಒಳಗೆ ಬ್ಯಾಟರಿ ಊದಿಕೊಂಡೇ ಇರುತ್ತಿತ್ತು. ಓಣಿಯ ಬೇರೆ ರಿಪೇರಿಯವರೂ ಅನುಮಾನ ಬಂದ ಫೋನುಗಳನ್ನು ಕೈಯಲ್ಲಿ ಹಿಡಿದು ಇವರ ಹತ್ತಿರ ಬರುತ್ತಿದ್ದರಂತೆ, ಡಾಕ್ಟರ ಹತ್ತಿರ ಮಗು ತಂದ ಹಾಗೆ.

ಒಮ್ಮೆ ಆ ಟೈಲರಮ್ಮ ಬಂದಳು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಮಡಚಿದ ದಿಂಬಿನ ಕವರು. ಕವರು ಬಿಡಿಸಿದರೆ ನಡುವೆ ನಾಣ್ಯದಗಲ ಸುಟ್ಟ ತೂತು. ಹಾಡು ಹಾಕಿ ದಿಂಬಿನ ಮೇಲಿಟ್ಟು ಮಗ್ಗುಲಾಗಿದ್ದಳಂತೆ. ಮಾಮ ಫೋನನ್ನು ಮೇಜಿನ ಮೇಲಿಟ್ಟು ಒಂದು ಗಂಟೆ ಹಾಡು ಹಾಕಿ ನೋಡಿದರು, ಏನೂ ಆಗಲಿಲ್ಲ. ಮನೆಗೆ ಒಯ್ದು ದಿಂಬಿನ ಮೇಲಿಟ್ಟರು, ಇಪ್ಪತ್ತು ನಿಮಿಷಕ್ಕೆ ಜ್ವರ. ಮೇಜು ಬಿಸಿಯನ್ನು ಎಳೆದುಕೊಂಡುಬಿಡುತ್ತದೆ, ಹತ್ತಿ ಎಳೆದುಕೊಳ್ಳುವುದಿಲ್ಲ. ಬ್ಯಾಟರಿ ಬದಲಿಸಿಕೊಟ್ಟರೂ ಟೈಲರಮ್ಮ ಆ ಫೋನನ್ನು ಮನೆಗೆ ಒಯ್ಯಲಿಲ್ಲ. ಅಂದಿನಿಂದ ಅಂಗಡಿಯ ಮೂಲೆಯಲ್ಲಿ ಒಂದು ದಿಂಬು ಬಂದು ಕೂತಿತು. "ಜನ ಮೇಜಿನ ಮೇಲೆ ಮಲಗ್ತಾರೇನೇ?" ಎಂದು ನನ್ನನ್ನೇ ಕೇಳಿದ್ದರು, ನಾನೇ ಹಾಗೆ ವಾದಿಸಿದವಳಂತೆ.

ಕ್ರಮೇಣ ಜನ ಫೋನು ಕೆಟ್ಟರೆ ರಿಪೇರಿ ಬಿಟ್ಟು ಹೊಸದು ಕೊಳ್ಳತೊಡಗಿದರು. ಅಂಗಡಿ ಮುಚ್ಚಿತು. ಅರವತ್ನಾಲ್ಕು ಫೋನುಗಳು ಮಾಮನ ನಡುಮನೆಗೆ ಬಂದವು. ಅತ್ತೆ ಎರಡು ದಿನ ಮಾತು ಬಿಟ್ಟಿದ್ದರಂತೆ.

ಆಗ ನನಗೊಂದು ಉಪಾಯ ಹೊಳೆಯಿತು. ಪುಸ್ತಕಕ್ಕೆ ಪ್ರಕಾಶಕರಿರುವ ಹಾಗೆ ಫೋನಿನ ಆಟಗಳಿಗೂ ಪ್ರಕಾಶಕರಿರುತ್ತಾರೆ. ನಾನು ಕೆಲಸ ಮಾಡುವುದು ಅಂಥದ್ದೊಂದು ಸಣ್ಣ ಕಂಪನಿಯಲ್ಲಿ. ಆಟ ಮಾಡುವವರು ಬೇರೆ. ಎಲ್ಲೋ ಇಬ್ಬರೋ ಮೂವರೋ ಮನೆಯಲ್ಲಿ ಕೂತು ಮಾಡಿ ಕಳಿಸುತ್ತಾರೆ. ನಾವು ಅದನ್ನು ಒಂದೆರಡು ಪುಟ್ಟ ದೇಶಗಳಲ್ಲಿ ಎರಡು ವಾರ ಬಿಟ್ಟು ನೋಡುತ್ತೇವೆ. ಇವತ್ತು ನೂರು ಜನ ಫೋನಿಗೆ ಇಳಿಸಿಕೊಂಡರೆ ನಾಳೆ ಎಷ್ಟು ಜನ ಮರಳಿ ಬಂದರು? ನಲವತ್ತು ಬಂದರೆ ಆಟ ಉಳಿಯಿತು, ಜಾಹೀರಾತು ಹಾಕಿ ಎಲ್ಲ ದೇಶಗಳಿಗೂ ಬಿಡುಗಡೆ. ಮೂವತ್ತಕ್ಕಿಳಿದರೆ ಗೋಡೆಯ ಬಿಳಿ ಹಲಗೆಯ ಮೇಲಿನ ಅದರ ಹೆಸರು ಒರೆಸಿಹೋಯಿತು. ನಮ್ಮ ಆಫೀಸಿನಲ್ಲಿ ಎಲ್ಲರಿಗಿಂತ ಹೆಚ್ಚು ದುಡಿಯುವುದು ಡಸ್ಟರು ಎಂಬ ಮಾತಿದೆ. ಬಿಡುಗಡೆಗೆ ಮೊದಲು ಆಟ ಹಳೆಯ, ಅಗ್ಗದ ಫೋನುಗಳಲ್ಲೂ ಓಡುತ್ತದೆಯೇ ಎಂದು ಪರೀಕ್ಷಿಸಬೇಕು. ಲೋಕದಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಅವೇ. ಅಂಥ ಫೋನುಗಳನ್ನು ನಮ್ಮವರು ಎಲ್ಲೆಲ್ಲೋ ಹುಡುಕುತ್ತಿದ್ದರು. ಮಾಮನ ನಡುಮನೆಯಲ್ಲಿ ಅರವತ್ನಾಲ್ಕು ಸಾಲಾಗಿ ಕೂತಿದ್ದವು.

ಹೀಗೆ ಐವತ್ತಾರನೇ ವಯಸ್ಸಿನಲ್ಲಿ ಮಾಮ ಆಟಗಳ ಪರೀಕ್ಷಕರಾದರು. ಅವರ ಮೊದಲ ವರದಿ ಬಂದಾಗ ನಮ್ಮ ಮ್ಯಾನೇಜರ್ ಮೇಡಂ ಓದಿ ಬೆರಗಾದರು. "ಟೈಲರಮ್ಮ: ಎರಡನೇ ಹಂತದಲ್ಲಿ ನಿಂತಳು. ಲಾರಿ ಡ್ರೈವರ್: ಚೆನ್ನಾಗಿ ಓಡಿದ, ಕೊನೆಗೆ ಬಿಸಿಯಾದ. ನರ್ಸ್: ಕಿರುಚಿದಳು." ಮೇಡಂ ನನ್ನನ್ನು ಕರೆದು, "ನಿಮ್ಮ ಮಾಮ ಅಷ್ಟು ಜನರನ್ನ ಹೇಗಮ್ಮಾ ಸೇರಿಸ್ತಾರೆ? ಎಲ್ಲರಿಗೂ ಒಂದೊಂದು ಟೋಪಿ ಕಳಿಸೋಣ, ನಮ್ಮ ಹೆಸರಿರೋದು" ಎಂದರು. ಅರವತ್ನಾಲ್ಕು ಟೋಪಿಗೆ ಆರ್ಡರ್ ಹೋಗುವ ಹೊತ್ತಿಗೆ ನಾನು ಬಾಯಿಬಿಟ್ಟೆ. ಮಾಮನಿಗೆ ಹೇಳಿದಾಗ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಬಿಡಬೇಕಿತ್ತು ಕಣೇ, ಕಪಾಟಿನಲ್ಲಿ ಒಂದೊಂದಕ್ಕೂ ತೊಡಿಸ್ತಿದ್ದೆ" ಎಂದಿದ್ದರು.

ಆ ನಗುವಿನ ಕಾಲ ಎರಡು ವರ್ಷವೂ ನಿಲ್ಲಲಿಲ್ಲ. ನಾನು ಸೇರಿದಾಗ ಹಲಗೆಯ ಮೇಲೆ ಏಕಕಾಲಕ್ಕೆ ಹನ್ನೊಂದು ಆಟಗಳ ಹೆಸರಿದ್ದವು. ಹೆರಿಗೆ ರಜೆ ಮುಗಿಸಿ ಬಂದಾಗ ನಾಲ್ಕು. ಜಾಹೀರಾತು ತೋರಿಸಿ ಒಬ್ಬ ಆಟಗಾರನನ್ನು ಕರೆತರುವ ಖರ್ಚು ಮೂರ್ನಾಲ್ಕು ಪಟ್ಟಾಗಿತ್ತು. ಹಾಗೆ ಬಂದವನು ಮೂರು ದಿನ ನಿಂತರೆ ಹೆಚ್ಚು. ದೊಡ್ಡ ಕಂಪನಿಗಳು ತಮ್ಮ ಹಳೇ ಆಟಗಳಿಗೇ ಬಣ್ಣ ಬಳಿದು ವರ್ಷಗಟ್ಟಲೆ ಓಡಿಸುತ್ತವೆ. ಅವರ ಜಾಹೀರಾತಿನ ಗದ್ದಲದಲ್ಲಿ ನಮ್ಮಂಥವರ ಕೂಗು ಯಾರಿಗೆ ಕೇಳಬೇಕು? ಉಳಿಯಬೇಕಾದರೆ ಬೇಗ ಬೇಗ ಪರೀಕ್ಷಿಸಿ, ಬೇಗ ಬೇಗ ಬಿಸಾಡಿ, ಯಾವುದಾದರೂ ಒಂದು ಕೈಹಿಡಿಯುವವರೆಗೆ ಓಡುತ್ತಿರಬೇಕು. ಹಾಗೆ ಓಡುವ ಭರದಲ್ಲಿ ಪರೀಕ್ಷೆಯ ನಮೂನೆಯೂ ಸೊರಗಿತು. ಮೊದಲು ನಲವತ್ತು ಸಾಲಿನ ಕೊನೆಗೆ 'ಷರಾ' ಎಂದೊಂದು ಅಂಕಣ ಇತ್ತು. ಮಾಮ ಅದರಲ್ಲಿ ದಿಂಬಿನ ಸುದ್ದಿ ಬರೆಯುತ್ತಿದ್ದರು. ಓದುವುದಕ್ಕೆ ಹೊತ್ತು ಹಿಡಿಯುತ್ತದೆಂದು ಅದನ್ನು ತೆಗೆದುಹಾಕಿದರು. ಪಾಸು, ಫೇಲು, ಎರಡೇ ಉಳಿದವು. ಅದೂ ನಿಯಮದ ಪ್ರಕಾರ ಫೋನನ್ನು ಮೇಜಿನ ಮೇಲಿಟ್ಟು, ಅದರೊಳಗಿನ ಉಷ್ಣಾಂಶದ ಅಂಕಿ ನೋಡಿ.

ಮಾಮ ಬೇಜಾರು ಮಾಡಿಕೊಂಡರು. "ಹಳೇ ಫೋನಿನೊಳಗಿನ ಅಂಕಿ ಸುಳ್ಳು ಹೇಳತ್ತೆ ಕಣೇ. ಬ್ಯಾಟರಿ ಬದಲಾಯಿಸಿರ್ತಾರೆ, ಸಿಕ್ಕಿದ್ದು ಹಾಕಿರ್ತಾರೆ. ಅದಕ್ಕೆ ತನ್ನ ಮೈ ಬಿಸಿ ತನಗೇ ಗೊತ್ತಾಗಲ್ಲ."

"ಹಾಗಿದ್ರೆ ಷರಾ ನನಗೆ ಹೇಳಿ ಮಾಮ. ನಾನು ಮುಟ್ಟಿಸ್ತೀನಿ" ಎಂದು ನಾನೇ ಮುಂದಾಗಿ ಹೇಳಿದ್ದೆ.

ಆಮೇಲೆ ಬಂದದ್ದು ಕರಡಿಮರಿಯ ಆಟ. ಗಂಡ ಹೆಂಡತಿ ಇಬ್ಬರೇ ಸೇರಿ ಮಾಡಿದ್ದು. ನಿದ್ದೆ ಮಾಡದ ಒಂದು ಕರಡಿಮರಿ. ಮಗು ಒಂದೊಂದೇ ನಕ್ಷತ್ರ ಮುಟ್ಟಿ ಆರಿಸಿದರೆ ಕರಡಿಮರಿ ಆಕಳಿಸುತ್ತದೆ. ಕೊನೆಗೆ ಪರದೆ ಮಂಕಾಗಿ, ನಲವತ್ತು ನಿಮಿಷ ಸಣ್ಣಗೆ ಸಂಗೀತ. ಎರಡು ಪುಟ್ಟ ದೇಶಗಳಲ್ಲಿ ಬಿಟ್ಟೆವು. ಮರುದಿನ ಮರಳಿ ಬಂದವರು ನೂರಕ್ಕೆ ಐವತ್ತೆಂಟು! ಮೇಡಂ ಆ ಅಂಕಿಯನ್ನು ಹಲಗೆಯ ಮೇಲೆ ಬರೆದು ಸುತ್ತ ಎರಡು ಸಲ ಗೆರೆ ಎಳೆದರು. ಮಕ್ಕಳಲ್ಲ, ಅಪ್ಪ ಅಮ್ಮಂದಿರು ಮರಳಿ ಬರುತ್ತಿದ್ದರು, ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಸರಿಯಾಗಿ. ಆಫೀಸಿನಲ್ಲಿ ತಿಂಗಳುಗಳ ನಂತರ ಯಾರೋ ಸಿಳ್ಳೆ ಹಾಕಿದ್ದು ಕೇಳಿಸಿತು. ಆದರೆ ಆ ಅಪ್ಪ ಅಮ್ಮಂದಿರು ಫೋನನ್ನು ಎಲ್ಲಿಡುತ್ತಿದ್ದರು ಎಂದು ನಾವು ಯಾರೂ ಯೋಚಿಸಲಿಲ್ಲ. ಯೋಚಿಸಿದ್ದು ಮಾಮ ಒಬ್ಬರೇ.

ಅವರ ಧ್ವನಿ ಸಂದೇಶ ಬಂದಾಗ ನಾನು ಮಗಳ ಕೂದಲಿಗೆ ಅಂಟಿದ್ದ ಗೋಂದು ಬಿಡಿಸುತ್ತಿದ್ದೆ. "ಕೇಳಿಸ್ಕೋ. ಮೇಜಿನ ಮೇಲೆ ಎಲ್ಲ ಪಾಸು. ದಿಂಬಿನ ಮೇಲೆ ಹತ್ತೊಂಬತ್ತು ಫೋನಿಗೆ ಜ್ವರ. ಇದು ಮಕ್ಕಳ ತಲೆ ಹತ್ತಿರ ಇಡೋ ಆಟ. ಆಟ ಮಾಡಿದೋರಿಗೆ ಇವತ್ತೇ ಹೇಳು." ಹೇಳಬೇಕು ಎಂದುಕೊಂಡೆ. ಗೋಂದು ಬಿಡಲಿಲ್ಲ, ಕತ್ತರಿ ತರಲು ಎದ್ದೆ, ಕತ್ತರಿ ಕಂಡು ಅವಳು ಮನೆ ಹಾರಿಹೋಗುವಂತೆ ಅತ್ತಳು. ಮರುದಿನ ಅವಳಿಗೆ ಕೆಮ್ಮು. ಸಂದೇಶಗಳ ರಾಶಿಯಲ್ಲಿ ಅದು ಕೆಳಕ್ಕಿಳಿಯಿತು. ಮೂರನೇ ದಿನ ಮಾಮನದೇ ಫೋನು:

"ಹೇಳಿದ್ಯೇನೇ ಗಾಬರಿಗುಬ್ಬಿ, ದಿಂಬಿನ ವಿಷಯ?"

ಮರೆತೆ ಎನ್ನಲು ನಾಲಿಗೆ ಏಳಲಿಲ್ಲ. "ಹೇಳಿದೀನಿ ಮಾಮ. ಸರಿ ಮಾಡಿದಾರಂತೆ. ಶನಿವಾರ ಹೊಸದು ಕಳಿಸ್ತಾರೆ." ಫೋನಿಟ್ಟ ಕೂಡಲೇ ನಿಜವಾಗಿಯೂ ಹೇಳಿಬಿಡೋಣ, ಮಾತು ಸುಳ್ಳಾಗುವುದಿಲ್ಲ ಎಂದುಕೊಂಡೆ. ಆದರೆ ಅಷ್ಟರಲ್ಲಿ ಬಿಡುಗಡೆಯ ದಿನ ನಿಶ್ಚಯವಾಗಿತ್ತು, ಮುಂದಿನ ಗುರುವಾರ. ಈಗ ಹೇಳಿದರೆ ಮೂರು ದಿನ ಏನು ಮಾಡುತ್ತಿದ್ದೆ ಎಂದು ಕೇಳುತ್ತಾರೆ. ಈ ಒಂದು ಆಟದ ಮೇಲೆ ಇಡೀ ಆಫೀಸು ನಿಂತಿತ್ತು. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಶನಿವಾರ ಹೊಸ ಆವೃತ್ತಿ ಹೋಯಿತು. ಅದರಲ್ಲಿ ಬದಲಾಗಿದ್ದದ್ದು ಸಂಗೀತ ಮಾತ್ರ. ಸಂಜೆ ಮಾಮನ ಸಂದೇಶ ಬಂತು. ಬೈಗುಳಕ್ಕೆ ಸಿದ್ಧಳಾಗಿ ಕೇಳಿದೆ. ಬೈಗುಳ ಇರಲಿಲ್ಲ. ಧ್ವನಿ ತಗ್ಗಿತ್ತು.

"ಅವರು ಸರಿ ಮಾಡಿದಾರೆ, ಫೋನಿನ ಅಂಕಿನೂ ಸರಿ ತೋರಿಸ್ತಿದೆ. ನನಗೆ ಮಾತ್ರ ಈಗಲೂ ಬಿಸಿ ಅನ್ನಿಸ್ತಿದೆ ಕಣೇ. ಸಕ್ಕರೆ ಕಾಯಿಲೆ ಬಂದಾಗಲೇ ಡಾಕ್ಟ್ರು ಹೇಳಿದ್ರು, ನರ ಸೋತ್ರೆ ಇಲ್ಲದ ಉರಿ ಕಾಣಿಸ್ಕೊಳ್ಳತ್ತೆ ಅಂತ. ಶುರುವಾಗಿದೆ ಅನ್ಸತ್ತೆ. ಇನ್ನು ನನ್ನ ಮಾತಿನ ಮೇಲೆ ಭರವಸೆ ಇಡಬೇಡಿ."

ಅವರು ನನ್ನನ್ನು ಅನುಮಾನಿಸಲೇ ಇಲ್ಲ. ಇಪ್ಪತ್ತು ವರ್ಷ ತಪ್ಪದ ಕೈಯನ್ನು ಅನುಮಾನಿಸಿದರು. ಅಕ್ಕನ ಮಗಳು ಸುಳ್ಳು ಹೇಳಬಹುದು ಎಂಬುದು ಅವರ ಲೆಕ್ಕದಲ್ಲೇ ಇರಲಿಲ್ಲ.

ನಾನು ಕೂಡಲೇ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಒಂದು ವೇಳೆ ಕೈ ನಿಜವಾಗಿಯೂ ಸೋತಿದ್ದರೆ? ಹಾಗಿದ್ದರೆ ಆಟಕ್ಕೆ ತೊಂದರೆಯಿಲ್ಲ, ನನ್ನ ಸುಳ್ಳಿಗೂ ತೊಂದರೆಯಿಲ್ಲ. ಮಾಮನ ನರ ಸೋತಿರಲಿ ಎಂದು ನಾನು ಬಯಸುತ್ತಿದ್ದೆ! ಭಾನುವಾರ, ಸೋಮವಾರ ಅನ್ನ ಇಳಿಯಲಿಲ್ಲ. ಗಂಡ "ಏನಾಯ್ತು?" ಎಂದಾಗಲೆಲ್ಲ "ಮಗೂಗೆ ಕೆಮ್ಮು" ಎಂದೆ. ಕೆಮ್ಮು ಹೋಗಿ ಮೂರು ದಿನವಾಗಿತ್ತು.

ಮಂಗಳವಾರ ಬೆಳಗ್ಗೆ ಅಮ್ಮ ಬಂದಳು. ನಾನು ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುವವಳು ಅಮ್ಮನೇ. ಎರಡು ದಿನ ರಜೆ ಹಾಕಿ ತಮ್ಮನ ಮನೆಗೆ ಹೋಗಿದ್ದಳು. ಬಾಗಿಲಲ್ಲೇ ಒಂದು ರಟ್ಟಿನ ಪೆಟ್ಟಿಗೆಯನ್ನು ದೊಪ್ಪೆಂದು ಇಳಿಸಿದಳು.

"ತಗೋ, ನಿಮ್ಮ ಮಾಮನ ಆಸ್ತಿ. ಬಸ್ಸಲ್ಲಿ ತೊಡೆ ಮೇಲಿಟ್ಕೊಂಡು ಬಂದು ನನ್ನ ಕಾಲು ಕಾಲಾಗಿ ಉಳಿದಿಲ್ಲ. ನಿಮ್ಮ ಆಫೀಸಿಗೆ ಕೊಡ್ಬೇಕಂತೆ."

"ಯಾಕಮ್ಮ? ಮಾಮ ಹೇಗಿದಾರೆ?"

"ಹೇಗಿರ್ತಾನೆ? ಟೀ ಲೋಟ ಎತ್ತಿ ಕೈಗೆ ಒತ್ಕೋತಾನೆ, ಇಳಿಸ್ತಾನೆ, ಮತ್ತೆ ಒತ್ಕೋತಾನೆ. 'ಬಿಸಿನಾ ಅಕ್ಕಾ?' ಅಂತ ನನ್ನ ಕೇಳ್ತಾನೆ. ಟೀ ಬಿಸಿ ಇರದೆ ಇನ್ನೇನು ಐಸ್ ಇರತ್ತೇನೋ ಅಂದೆ. ನಗಲೇ ಇಲ್ಲ ಕಣೇ. ನಾನು ಏನಂದ್ರೂ ತಿರುಗಿ ಒಂದು ಅನ್ನೋನು, ಸುಮ್ನೆ ಇದ್ದ." ಅಮ್ಮ ಚಪ್ಪಲಿ ಬಿಡುವುದನ್ನು ಅಲ್ಲಿಗೇ ನಿಲ್ಲಿಸಿದಳು. "ಶುಕ್ರವಾರ ನರದ ಪರೀಕ್ಷೆಗೆ ಬರ್ಕೊಟ್ಟಿದಾರಂತೆ. ನಿನ್ನ ಅತ್ತೆ ಆಗಲೇ ಅಡುಗೆಮನೇಲಿ ಕೂತು ಅಳ್ತಿದಾಳೆ. ಅಲ್ಲ, ಚೆನ್ನಾಗಿದ್ದೋನಿಗೆ ಇದ್ದಕ್ಕಿದ್ದ ಹಾಗೆ ಏನಾಯ್ತು ಅಂತೀನಿ?"

ನಾನು ಪೆಟ್ಟಿಗೆ ತೆರೆದೆ. ಹತ್ತೊಂಬತ್ತು ಫೋನು, ಒಂದೊಂದೂ ಹಳೇ ಬಟ್ಟೆಯಲ್ಲಿ ಸುತ್ತಿದ್ದು. ಮೇಲೊಂದು ಹಾಳೆ, ಮಾಮನ ಗುಂಡಗಿನ ಅಕ್ಷರ.

"ಮುಂದೆ ನೋಡುವವರಿಗೆ. ಟೈಲರಮ್ಮ: ಚಾರ್ಜರ್ ಪಿನ್ನು ಸಡಿಲ, ಎಡಕ್ಕೆ ಒತ್ತಿ ಹಾಕುವುದು. ಲಾರಿ ಡ್ರೈವರ್: ಮೊದಲ ಸಲಕ್ಕೆ ಏಳುವುದಿಲ್ಲ, ಬೈಯದೆ ಇನ್ನೊಮ್ಮೆ ಒತ್ತುವುದು. ನರ್ಸ್: ಸ್ಪೀಕರ್ ಕಿರುಚುತ್ತದೆ, ಮಗು ಮಲಗಿರುವಾಗ ಬೇಡ..." ಹೀಗೆ ಹತ್ತೊಂಬತ್ತಕ್ಕೂ. ಕೊನೆಯಲ್ಲಿ: "ಇವು ದಿಂಬಿನ ಮೇಲೆ ಬಿಸಿಯಾಗುತ್ತವೆ ಎಂದು ನನಗೆ ಅನಿಸಿತ್ತು. ಆಫೀಸಿನವರು ಸರಿ ಮಾಡಿದ ಮೇಲೂ ಅನಿಸುತ್ತಿದೆ. ಆದ್ದರಿಂದ ತಪ್ಪು ನನ್ನ ಕೈಯದು. ಕೈ ಚೆನ್ನಾಗಿರುವ ಯಾರಿಂದಲಾದರೂ ನೋಡಿಸಿ."

ಆಫೀಸಿಗೆ ಒಂದು ಗಂಟೆ ತಡವಾಗಿ ಬರುತ್ತೇನೆಂದು ತಿಳಿಸಿದೆ. ಮಗುವನ್ನು ಕರೆದುಕೊಂಡು ಅಂಗಡಿಗೆ ಹೋಗಿಬಾ ಎಂದು ಅಮ್ಮನನ್ನು ಕಳಿಸಿದೆ. ಟೈಲರಮ್ಮನಿಗೆ ಕರಡಿಮರಿಯ ಹೊಸ ಆಟ ಹಾಕಿ, ನಕ್ಷತ್ರಗಳನ್ನೆಲ್ಲ ಆರಿಸಿ, ನಮ್ಮ ಮಂಚದ ದಿಂಬಿನ ಮೇಲಿಟ್ಟೆ. ಪಕ್ಕದ ದಿಂಬಿನ ಮೇಲೆ ಲಾರಿ ಡ್ರೈವರ್, ಬೈಯದೆ. ಮಡಚಿಟ್ಟ ರಜಾಯಿಯ ಮೇಲೆ ಡ್ರಾಯಿಂಗ್ ಮೇಷ್ಟ್ರು, ಜೊತೆಗೆ ಇನ್ನೊಂದು. ನಲವತ್ತು ನಿಮಿಷ ಬಟ್ಟೆ ಮಡಚಿದೆ. ಮಡಚಿದ್ದನ್ನೇ ಬಿಡಿಸಿ ಮತ್ತೆ ಮಡಚಿದೆ ಎಂದು ಆಮೇಲೆ ಗೊತ್ತಾಯಿತು.

ಫೋನಿನ ಅಂಕಿ ಮೂವತ್ತೇಳು ಡಿಗ್ರಿ, ಬರೀ ಮೈ ಬಿಸಿಯಷ್ಟು, ಎನ್ನುತ್ತಿತ್ತು. ಎತ್ತಿ ಮಣಿಕಟ್ಟಿಗೆ ಒತ್ತಿದೆ. ಎರಡು ವರ್ಷದಿಂದ ದಿನಕ್ಕೆ ನಾಲ್ಕು ಸಲ ಮಗಳ ಬಾಟಲಿಯ ಹಾಲಿನ ಹನಿ ಬೀಳಿಸಿ ಬಿಸಿ ನೋಡಿದ ಜಾಗ ಅದು. ಅಲ್ಲಿ ನನಗೂ ಸ್ವಲ್ಪ ವಿದ್ಯೆ ಉಂಟು. ಮೂರು ಎಣಿಸುವುದರೊಳಗೆ ಕೈ ಕಿತ್ತುಕೊಂಡೆ. ಚರ್ಮದ ಮೇಲೆ ಕೆಂಪು ಗೆರೆ. ಲಾರಿ ಡ್ರೈವರ್ ಇನ್ನೂ ಬಿಸಿ. ನಾಲ್ಕಕ್ಕೆ ನಾಲ್ಕೂ ಸುಡುತ್ತಿದ್ದವು. ನಾಲ್ಕು ದಿನದಲ್ಲಿ ಮೊದಲ ಸಲ ನನ್ನ ಉಸಿರು ಸಲೀಸಾಗಿ ಹೊರಬಂತು, ಹಿಂದೆಯೇ ಭಯ ಒಳಗೆ ಬಂತು. ಮಾಮನ ಕೈ ಸರಿಯಾಗಿತ್ತು. ಹಾಗಾದರೆ ಆ ಎರಡು ಪುಟ್ಟ ದೇಶಗಳಲ್ಲಿ ಈ ಹೊತ್ತಿಗೆ ಎಷ್ಟು ದಿಂಬುಗಳ ಮೇಲೆ, ಎಷ್ಟು ಕೆನ್ನೆಗಳ ಪಕ್ಕದಲ್ಲಿ?

ಪೆಟ್ಟಿಗೆಯನ್ನೂ ಒಂದು ದಿಂಬನ್ನೂ ಎತ್ತಿಕೊಂಡು ಆಟೋದಲ್ಲಿ ಆಫೀಸಿಗೆ ಓಡಿದೆ.

ಮೇಡಂ ತಲೆ ಎತ್ತಿ ದಿಂಬು ನೋಡಿದರು. "ಇದೇನಮ್ಮಾ, ನಾವಿಲ್ಲಿ ನಿದ್ದೆಗೆಟ್ಟು ಕೂತಿದ್ರೆ ನೀನು ಮಲಗೋಕೆ ಬಂದ್ಯಾ?"

"ಮೇಡಂ, ನಲವತ್ತು ನಿಮಿಷ ಕೊಡಿ. ಆಮೇಲೆ ಬೇಕಾದ್ರೆ ಕೆಲಸದಿಂದ ತೆಗೀರಿ."

ಎಲ್ಲ ಹೇಳಿದೆ. ಗೋಂದು, ಕೆಮ್ಮು ಯಾವುದನ್ನೂ ನೆಪ ಮಾಡದೆ, ಹೇಳಲಿಲ್ಲ ಎಂಬುದನ್ನು ಮಾತ್ರ. ಮೇಡಂ ಪೆಟ್ಟಿಗೆಯಿಂದ ಒಂದು ಫೋನು ತೆಗೆದು ಕರಡಿಮರಿ ಹಾಕಿದರು. ಫೋನನ್ನು ದಿಂಬಿನ ಮೇಲಿಟ್ಟುಕೊಂಡೇ ಒಂದು ಮೀಟಿಂಗ್ ಮುಗಿಸಿದರು. ಅದರಲ್ಲಿದ್ದವರಿಗೆಲ್ಲ ಕರಡಿಮರಿಯ ಸಂಗೀತ ಕೇಳಿಸುತ್ತಿತ್ತು. ಒಬ್ಬರೂ ಕೇಳುವ ಧೈರ್ಯ ಮಾಡಲಿಲ್ಲ. ಕೊನೆಗೆ ಅವರು ಫೋನು ಎತ್ತಿ ಕೆನ್ನೆಗೆ ತಂದವರೇ "ಅಮ್ಮಾ!" ಎಂದು ಅದನ್ನು ಮೇಜಿನ ಮೇಲೆ ಬಿಟ್ಟರು. ಅವರಿಗೂ ಒಬ್ಬ ಮಗ ಇದ್ದಾನೆ, ದೊಡ್ಡವನು. ಒಂದು ಕ್ಷಣ ಅವನು ಚಿಕ್ಕವನಾಗಿದ್ದ ಕಾಲ ಅವರ ಮುಖದ ಮೇಲೆ ಹಾದುಹೋಯಿತು.

ಆಮೇಲೆ ಅವರು ಮತ್ತೆ ಮ್ಯಾನೇಜರ್ ಆದರು. ಹದಿನೈದು ನಿಮಿಷದಲ್ಲಿ ಆ ಎರಡು ದೇಶಗಳಲ್ಲಿ ಆಟ ನಿಂತಿತು. ಇಳಿಸಿಕೊಂಡವರಿಗೆಲ್ಲ ಫೋನನ್ನು ಹಾಸಿಗೆಯ ಮೇಲಿಡಬೇಡಿ ಎಂಬ ಎಚ್ಚರಿಕೆ ಹೋಯಿತು. ಆಟ ಮಾಡಿದ ಗಂಡ ಹೆಂಡತಿಗೆ ಕರೆ ಹೋಯಿತು. ಹಳೇ ಫೋನಿಗೆ ಸರಿಹೊಂದುವಂತೆ ತಿದ್ದಲು ಅವರು ಇಪ್ಪತ್ತು ದಿನ ಕೇಳಿದರು.

"ಇಪ್ಪತ್ತು ದಿನ ನಮ್ಮ ಹತ್ರ ಇಲ್ಲ" ಎಂದರು ಮೇಡಂ. "ಅಷ್ಟರಲ್ಲಿ ಇಂಥದ್ದೇ ಆಟ ಇನ್ನು ನಾಲ್ಕು ಬಂದಿರತ್ತೆ. ಈ ಹತ್ತೊಂಬತ್ತು ಮಾದರಿ ಫೋನ್‌ಗಳನ್ನೇ ಪಟ್ಟಿಯಿಂದ ತೆಗೀತೀವಿ. ಅವುಗಳಿಗೆ ಆಟ ಇಳಿಯೋದೇ ಇಲ್ಲ."

"ಆದ್ರೆ ಮೇಡಂ, ಅಂಥ ಫೋನ್ ಇರೋರು..."

"ಗೊತ್ತು. ಬಡವರ ಮಕ್ಕಳಿಗೆ ಕರಡಿಮರಿ ಇಲ್ಲ. ಆದ್ರೆ ಸುಟ್ಟ ಕೆನ್ನೆನೂ ಇಲ್ಲ." ಅವರು ಕಣ್ಣುಜ್ಜಿಕೊಂಡರು. "ಆ ಫೋನುಗಳಿಂದ ಜಾಹೀರಾತಿನ ಆದಾಯ ಅಷ್ಟಕ್ಕಷ್ಟೇ. ಹೇಗೂ ಈ ವರ್ಷ ಕೈಬಿಡೋ ಮಾತಿತ್ತು. ಉಳಿದ ನಲವತ್ತೈದನ್ನ ಮಾತ್ರ ದಿಂಬಿನ ಮೇಲೂ ನೋಡಿಯೇ ಬಿಡೋಣ. ಒಂದು ದಿನ ಮುಂದಕ್ಕೆ ಹಾಕ್ತೀನಿ. ನಿಮ್ಮ ಮಾಮ ನಾಳೆಯೊಳಗೆ ನೋಡ್ಕೊಡ್ತಾರಾ?"

"ಅವರು ಕೆಲಸ ಬಿಟ್ಟಿದಾರೆ ಮೇಡಂ. ನನ್ನಿಂದ."

"ಹಾಗಾದ್ರೆ ನೀನೇ ಕೇಳು. ಇನ್ನೊಂದು ವಿಷಯ, ನಿನ್ನದು." ಅವರು ನನ್ನನ್ನು ನೋಡಿದರು, ದಿಂಬನ್ನು ನೋಡಿದರು. "ಅದು ಬಿಡುಗಡೆ ಆದ ಮೇಲೆ ಮಾತಾಡೋಣ. ಈಗ ಹೋಗು."

ಮೆಟ್ಟಿಲ ಹತ್ತಿರ ನೀರಿನ ಕ್ಯಾನುಗಳನ್ನು ಪೇರಿಸಿಟ್ಟ ಒಂದು ಮೂಲೆಯಿದೆ. ಅಳಬೇಕಾದವರೂ ಮಕ್ಕಳಿಗೆ ಫೋನ್ ಮಾಡಬೇಕಾದವರೂ ಅಲ್ಲಿಗೆ ಬರುತ್ತಾರೆ. ಅಲ್ಲಿ ನಿಂತು ಮಾಮನ ನಂಬರು ತೆಗೆದೆ, ಒತ್ತಲಿಲ್ಲ. ಬುದ್ಧಿ ಆಗಲೇ ಸುಲಭದ ದಾರಿ ಹುಡುಕುತ್ತಿತ್ತು. "ಮಾಮ, ಇನ್ನೊಂದು ಸಲ ದಿಂಬಿನ ಮೇಲೆ ನೋಡ್ಬೇಕಂತೆ" ಎಂದಷ್ಟೇ ಹೇಳಿದರೂ ಅವರು ನೋಡುತ್ತಾರೆ, ನನ್ನ ಮಾತು ಎಂದೂ ತೆಗೆದುಹಾಕಿದವರಲ್ಲ. ಆಫೀಸಿನ ಕೆಲಸ ಆಗಿಹೋಗುತ್ತದೆ. ಸುಳ್ಳು ಅಲ್ಲೇ ಹೂತುಹೋಗುತ್ತದೆ. ಆದರೆ ಅವರು ಒಂದೊಂದು ಫೋನನ್ನೂ ಕೈಗೊತ್ತಿ, ಇದು ಫೋನಿನ ಬಿಸಿಯೋ ನನ್ನ ನರದ ಉರಿಯೋ ಎಂದು ಹೆದರುತ್ತ ಕೂರುತ್ತಾರೆ. ಶುಕ್ರವಾರದವರೆಗೂ ಅತ್ತೆ ಅಡುಗೆಮನೆಯಲ್ಲಿ ಅಳುತ್ತಿರುತ್ತಾರೆ. ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂದರೂ ಮಾಮ ನಂಬುತ್ತಾರೆಯೇ? ಅಷ್ಟು ಖಚಿತವಾಗಿ ಹೇಳಿದವಳು ಅಕ್ಕನ ಮಗಳಲ್ಲವೇ.

ಒತ್ತಿದೆ. ಎರಡೇ ರಿಂಗಿಗೆ ಎತ್ತಿದರು.

"ಪೆಟ್ಟಿಗೆ ಮುಟ್ತಾ? ಅಕ್ಕ ಬಸ್ಸಲ್ಲಿ ನನ್ನ ಎಷ್ಟು ಬೈಕೊಂಡ್ಳು?"

"ಮಾಮ, ನಾನು ಹೇಳೋದನ್ನ ಪೂರ್ತಿ ಕೇಳಿ. ಅವರು ಏನೂ ಸರಿ ಮಾಡಿರ್ಲಿಲ್ಲ. ನಾನು ಅವರಿಗೆ ಹೇಳೇ ಇರ್ಲಿಲ್ಲ. ಮರೆತೆ, ಆಮೇಲೆ ನಿಮ್ಮ ಹತ್ರ ಸುಳ್ಳು ಹೇಳಿದೆ. ನಿಮ್ಮ ಕೈಗೆ ಏನೂ ಆಗಿಲ್ಲ. ಇವತ್ತು ನಾನೇ ದಿಂಬಿನ ಮೇಲಿಟ್ಟು ನೋಡಿದೆ. ಸುಡ್ತಿವೆ."

ಆ ಕಡೆ ಕುರ್ಚಿ ಎಳೆದು ಕೂತ ಸದ್ದು ಕೇಳಿಸಿತು.

"ಎಷ್ಟು ನೋಡಿದೆ?"

"ನಾಲ್ಕು."

"ಡ್ರಾಯಿಂಗ್ ಮೇಷ್ಟ್ರು ನೋಡಿದ್ಯಾ? ಅದು ಒಂದು ಮೂಲೇಲಿ ಮಾತ್ರ ಬಿಸಿಯಾಗ್ಬೇಕು. ಕ್ಯಾಮೆರಾ ಕೆಳಗೆ."

"ನೋಡಿದೆ ಮಾಮ. ಕ್ಯಾಮೆರಾ ಕೆಳಗೇ."

ಉಸಿರು ಬಿಟ್ಟದ್ದು ಕೇಳಿಸಿತು. ಉದ್ದ ಉಸಿರು. ನಂತರ ಫೋನಿನಿಂದ ಬಾಯಿ ದೂರ ಮಾಡಿ ಕೂಗಿದರು: "ಏಯ್, ಇಲ್ಬಾ. ಅಳೋದು ನಿಲ್ಸು. ಕೈ ಸರಿ ಇದೆಯಂತೆ." ಮತ್ತೆ ನನ್ನ ಹತ್ತಿರ ಬಂದಾಗ ಧ್ವನಿ ಗಟ್ಟಿಯಾಗಿತ್ತು, ನನಗೆ ಪರಿಚಯವಿಲ್ಲದ ಗಟ್ಟಿ. "ನಾಲ್ಕು ದಿನ ಕಣೇ. ನಾಲ್ಕು ದಿನ ನಾನು ಎಡಗೈನ ಮಡಿಲಲ್ಲಿಟ್ಕೊಂಡು ಕೂತಿದ್ದೆ, ಅದು ಬೇರೆಯವರ ಕೈ ಅನ್ನೋ ಹಾಗೆ. ಮರೆತೆ ಅಂದಿದ್ರೆ ನಾನೇನು ನಿನ್ನ ತಿಂದ್ಬಿಡ್ತಿದ್ನಾ?"

"ಇಲ್ಲ ಮಾಮ."

"ಮತ್ತೆ?"

ತಪ್ಪಾಯಿತು ಎಂದೆ. ಆಮೇಲೆ ಉಳಿದದ್ದನ್ನೂ ಹೇಳಿದೆ: ಆಟ ನಿಂತದ್ದು, ಅವರು ಹೇಳಿದ್ದು ನಿಜವಾದ್ದರಿಂದಲೇ ಹತ್ತೊಂಬತ್ತು ಫೋನುಗಳು ಪಟ್ಟಿಯಿಂದ ಹೋದದ್ದು, ಉಳಿದ ನಲವತ್ತೈದನ್ನು ನಾಳೆಯೊಳಗೆ ನೋಡಬೇಕಾದದ್ದು.

"ಟೈಲರಮ್ಮಂಗೂ ಇಲ್ವಾ?"

"ಇಲ್ಲ ಮಾಮ."

"ಹೂಂ" ಎಂದರು. "ನಲವತ್ತೈದು ನಾಳೆ ಮಧ್ಯಾಹ್ನಕ್ಕೆ ಆಗತ್ತೆ ಅಂತ ನಿಮ್ಮ ಮೇಡಂಗೆ ಹೇಳು. ದಿಂಬು ಸಾಲಲ್ಲ, ಪಕ್ಕದ ಮನೆಯಿಂದ ತರಿಸ್ತೀನಿ. ಆ ಪೆಟ್ಟಿಗೆ ನನಗೆ ವಾಪಸ್ ಬೇಕು. ಪಟ್ಟಿಯಲ್ಲಿ ಇಲ್ದಿದ್ರೆ ಇಲ್ಲ, ಅವು ಜನ ನನ್ನ ಹತ್ರ ಬಿಟ್ಟು ಹೋಗಿರೋದು."

"ಭಾನುವಾರ ಅಮ್ಮನ ಕೈಲಿ ಕಳಿಸ್ತೀನಿ."

"ಅಮ್ಮನ ಕೈಲಿ ಬೇಡ. ನೀನೇ ಹೊತ್ಕೊಂಡ್ ಬಾ."

"ಬರ್ತೀನಿ ಮಾಮ" ಎಂದೆ.